ಎರಡನೇ ಗುಂಡಿನ ಪಾಡು

ಎನ್‌ಸಿಸಿ ಶಿಬಿರದಲ್ಲಿ ಫೈರಿಂಗ್ ಇರುವ ದಿನ ಹುಡುಗರಿಗೆ ಬೆಳಗಿನ ಉಪ್ಪಿಟ್ಟೂ ಗಂಟಲಲ್ಲಿ ಇಳಿಯುವುದಿಲ್ಲ. ಮಣ್ಣಿನ ದಿಬ್ಬದ ಮುಂದೆ ಹಲಗೆ ನೆಟ್ಟು ಕಾಗದದ ಗುರಿ ಅಂಟಿಸಿರುತ್ತಾರೆ. ಇಪ್ಪತ್ತೈದು ಗಜ ಈಚೆಗೆ ಹಾಸಿದ ಟಾರ್ಪಾಲಿನ ಮೇಲೆ ಸಾಲಾಗಿ ಬೋರಲು ಮಲಗಿದವರಲ್ಲಿ ನಾಗಮಂಗಲದ ಹುಡುಗನಿರುತ್ತಾನೆ, ಕೆ.ಆರ್. ಪೇಟೆಯ ಹುಡುಗಿಯಿರುತ್ತಾಳೆ, ಪಾಂಡವಪುರದಿಂದ ಮೊದಲ ಬಸ್ಸು ಹಿಡಿದು ಬಂದವನೂ ಇರುತ್ತಾನೆ. ಕೈಯಲ್ಲಿ ಪಾಯಿಂಟ್ ಟೂ ಟೂ ರೈಫಲ್. ಮೊದಲ ಗುಂಡು ಹೋಗುತ್ತದೆ. ಬೋಲ್ಟ್ ಹಿಂದಕ್ಕೆ ಎಳೆದರೆ ಖಾಲಿ ತೋಟಾ ಟಿಣ್ಣನೆ ಹಾರಿ ಪಕ್ಕದವನ ಮೊಣಕೈ ಬಳಿ ಬೀಳುತ್ತದೆ. ಮುಂದಕ್ಕೆ ತಳ್ಳಿದರೆ ಅರ್ಧ ದಾರಿಯಲ್ಲೇ ಬೋಲ್ಟ್ ನಿಂತುಬಿಡುತ್ತದೆ. ಎರಡನೇ ತೋಟಾ ನಳಿಗೆಗೆ ಹೋಗುವ ಬದಲು ಮೂತಿ ಮೇಲೆ ಮಾಡಿಕೊಂಡು ಅಡ್ಡ ಸಿಕ್ಕಿಕೊಂಡಿರುತ್ತದೆ.

"ಸರ್, ರೈಫಲ್ ಕೆಟ್ಟೋಗದೆ."

ಹವಾಲ್ದಾರರು ಬಂದು ರೈಫಲ್ಲನ್ನು ಹೆಚ್ಚೇನೂ ನೋಡುವುದಿಲ್ಲ. ಅಡಿಯಿಂದ ಮ್ಯಾಗಜೀನ್ ಕಳಚಿ, ಬೆಳಕಿಗೆ ಹಿಡಿದು ಅದರ ಬಾಯಿ ನೋಡಿ, ಪಕ್ಕಕ್ಕೆ ಎತ್ತಿಟ್ಟು, ಬೇರೊಂದನ್ನು ಸಿಕ್ಕಿಸುತ್ತಾರೆ. ಅದೇ ರೈಫಲ್ ಉಳಿದ ಗುಂಡುಗಳನ್ನೆಲ್ಲ ತಕರಾರಿಲ್ಲದೆ ಹಾರಿಸುತ್ತದೆ.

ಕೋವಿಯ ವಿಷಯ ಬಂದರೆ ನಾವು ಮಾತಾಡುವುದೆಲ್ಲ ನಳಿಗೆಯ ಬಗ್ಗೆ, ಗುರಿಯ ಬಗ್ಗೆ, ಕೈಯ ನಡುಕದ ಬಗ್ಗೆ. ಗುಂಡು ಒದಗಿಸುವ ಆ ತಗಡಿನ ಡಬ್ಬಿಯನ್ನು ಯಾರೂ ನೆನೆಯುವುದಿಲ್ಲ. ಆದರೆ ಒಂದು ಗುಂಡು ಹಾರಿದ ಮೇಲೆ ಇನ್ನೊಂದು ತಪ್ಪದೆ ಬಂದು ಕೂರುವ ಹಾಗೆ ಮಾಡುವುದು ಕೋವಿ ಕೆಲಸದಲ್ಲಿ ಅತಿ ಹಳೆಯ, ಅತಿ ಕಷ್ಟದ ಲೆಕ್ಕ. ಆ ಲೆಕ್ಕದ ಒಂದು ಪುಟ ನಮ್ಮ ಶ್ರೀರಂಗಪಟ್ಟಣದಲ್ಲೇ ಇದೆ.

ಒಂದೇ ನಳಿಗೆಯಲ್ಲಿ ಎರಡು ಗುಂಡು

ಟಿಪ್ಪುವಿನ ಸಿಪಾಯಿ ಹಿಡಿಯುತ್ತಿದ್ದದ್ದು ಚಕಮಕಿ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ಗುಂಡು ಹಾಕಬೇಕು, ಗಜದಿಂದ ಜಡಿಯಬೇಕು, ಪಕ್ಕದ ಬಟ್ಟಲಿಗೆ ಚಿಟಿಕೆ ರಂಜಕ ಹಾಕಬೇಕು, ಕುದುರೆ ಎಳೆದು ಗುರಿ ಹಿಡಿಯಬೇಕು. ಚೆನ್ನಾಗಿ ಪಳಗಿದವನಿಗೂ ನಿಮಿಷಕ್ಕೆ ಎರಡೋ ಮೂರೋ ಗುಂಡು, ಅಷ್ಟೆ. ಚಕಮಕಿ ಕಲ್ಲಿನ ಕಿಡಿ ರಂಜಕಕ್ಕೆ ತಗುಲಿ, ಆ ಬೆಂಕಿ ಸಣ್ಣ ತೂತಿನ ಮೂಲಕ ಒಳಗಿನ ಮದ್ದಿಗೆ ಹೋಗಬೇಕು. ಎಷ್ಟೋ ಸಲ ಹೊರಗೆ ರಂಜಕ ಭುಗ್ಗೆಂದು ಉರಿದು ಒಳಗೆ ಏನೂ ಆಗುತ್ತಿರಲಿಲ್ಲ.

ಯುದ್ಧದಲ್ಲಾದರೆ ಸಾಲಿನಲ್ಲಿ ನೂರು ಜನ ಇರುತ್ತಾರೆ, ಒಬ್ಬನ ಕೋವಿ ಕೈಕೊಟ್ಟರೆ ಇನ್ನೊಬ್ಬನದು ಹಾರುತ್ತದೆ. ಬೇಟೆಗೆ ಹೋದವನಿಗೆ ಆ ಸೌಕರ್ಯವಿಲ್ಲ. ಮೊದಲ ಗುಂಡು ತಪ್ಪಿದರೆ ಎರಡನೆಯದು ಆ ಕ್ಷಣದಲ್ಲೇ ಬೇಕು. ಜೋಡು ನಳಿಗೆ ಇದಕ್ಕೆ ಒಂದು ಪರಿಹಾರ, ಆದರೆ ಕೋವಿ ಭಾರವಾಗುತ್ತದೆ. ಶ್ರೀರಂಗಪಟ್ಟಣದ ಅರಮನೆ ಕಾರ್ಖಾನೆಯ ಕುಶಲಕರ್ಮಿಗಳು ಇನ್ನೊಂದು ದಾರಿಯನ್ನೂ ಹಿಡಿದರು. ಒಂದೇ ನಳಿಗೆಯಲ್ಲಿ ಒಂದರ ಹಿಂದೊಂದು ಎರಡು ಮದ್ದು, ಎರಡು ಗುಂಡು. ಮುಂದಿನದು ಮೊದಲು ಹಾರಬೇಕು, ಹಿಂದಿನದು ಆಮೇಲೆ. 1793-94ರ ಸುಮಾರಿಗೆ ಇಲ್ಲಿ ತಯಾರಾದ, ಬೆಳ್ಳಿ ಕೆತ್ತನೆಯ ಅಂಥದೊಂದು ಶಿಕಾರಿ ಕೋವಿ 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ 7 ಲಕ್ಷ ಪೌಂಡಿಗೂ ಹೆಚ್ಚಿನ ಬೆಲೆಗೆ ಹೋಯಿತು. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಇಂಗ್ಲಿಷರಿಗೂ ಅವರ ಮಿತ್ರರಿಗೂ, ಒತ್ತೆಯಾಗಿ ಇಬ್ಬರು ಮಕ್ಕಳನ್ನು ಇಂಗ್ಲಿಷರಿಗೂ ಕೊಟ್ಟ ಬೆನ್ನಿಗೇ ಇಂಥ ನಾಜೂಕಿನ ಕೆಲಸ ನಡೆದಿತ್ತು ಎಂಬುದನ್ನು ಗಮನಿಸಬೇಕು.

ಎರಡು ಗುಂಡಿನ ಈ ಏರ್ಪಾಟು ಎಷ್ಟು ಜಾಣತನದ್ದೋ ಅಷ್ಟೇ ಅಪಾಯದ್ದು. ಹಿಂದಿನ ಗುಂಡು ನಳಿಗೆಗೆ ಬಿಗಿಯಾಗಿ ಕೂತಿರಬೇಕು. ಕೂದಲೆಳೆಯಷ್ಟು ಸಂದು ಉಳಿದರೂ ಮುಂದಿನ ಮದ್ದಿನ ಬೆಂಕಿ ಹಿಂದಕ್ಕೆ ನುಸುಳಿ ಎರಡೂ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಮುಂದಿನದು ಹೊತ್ತದೆ ಹಿಂದಿನದು ಹೊತ್ತಿದರಂತೂ ನಳಿಗೆಯೇ ಸೀಳುತ್ತದೆ. ತುಂಬಿದ ಗುಂಡೊಂದು ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಠಿಣ ಪಾಠ ಇರಲಾರದು. ದೊರೆಯ ಕೈಗೆ ಕೊಡುವ ಕೋವಿಯಲ್ಲಿ ಇಂಥದ್ದನ್ನು ಮಾಡಲು ಮುಂದಾದವನಿಗೆ ತನ್ನ ಕೈಚಳಕದ ಮೇಲೆ ಎಷ್ಟು ನಂಬಿಕೆ ಇದ್ದಿರಬೇಕು!

ಮದ್ದು ಒಣಗಿರಬೇಕು

ಕೋವಿ ಎಷ್ಟು ಚೆನ್ನಾಗಿದ್ದರೂ ಮದ್ದು ತೇವವಾದರೆ ಮುಗಿಯಿತು. ಸುತ್ತ ಕಾವೇರಿ ಹರಿಯುವ ದ್ವೀಪದಲ್ಲಿ ಪೆಟ್ಲುಪ್ಪು, ಗಂಧಕ, ಇದ್ದಿಲಿನ ಪುಡಿಯನ್ನು ಮಳೆಗಾಲವೆಲ್ಲ ಒಣಗಿಸಿಡುವುದು ಸುಲಭದ ಮಾತಲ್ಲ. ಅದಕ್ಕೇ ಕೋಟೆಯೊಳಗೆ ಇಟ್ಟಿಗೆ-ಗಾರೆಯ ದಪ್ಪ ಗೋಡೆಯ, ಅರೆ ನೆಲದೊಳಗಿನ ಮದ್ದಿನ ಮನೆಗಳು ಬಂದವು. ಬೆಂಗಳೂರು-ಮೈಸೂರು ಜೋಡಿ ಹಳಿಗೆ ಅಡ್ಡ ಬಂದ ಅಂಥದೊಂದು ಕಟ್ಟಡವನ್ನು ಒಡೆಯದೆ, ಸುಮಾರು ಸಾವಿರ ಟನ್ ತೂಕದ ಅದನ್ನು ಇಡಿಯಾಗಿ ಮೇಲೆತ್ತಿ 2017ರಲ್ಲಿ ನೂರು ಮೀಟರಿಗೂ ಆಚೆ ಸರಿಸಿದ್ದು ಹಲವರಿಗೆ ನೆನಪಿರಬಹುದು. ರೈಲಿನಲ್ಲಿ ಕಿಟಕಿ ಪಕ್ಕ ಕೂತವರು ಮಾತ್ರ ಅದನ್ನು ಯಾವುದೋ ಹಳೇ ಗೋದಾಮು ಅಂದುಕೊಂಡೇ ಹೋಗುತ್ತಾರೆ.

ಒಂದೇ ಕಡೆ ಕೂಡಿಟ್ಟ ಮದ್ದು ಎಂಥ ಅಪಾಯ ಎಂಬುದೂ ಇದೇ ಊರು ಕಂಡದ್ದೇ. 1799ರ ಮೇ 2ರಂದು ಇಂಗ್ಲಿಷರ ಗುಂಡೊಂದು ಬಾಣದ, ಅಂದರೆ ರಾಕೆಟ್ಟಿನ, ದಾಸ್ತಾನಿಗೆ ಬಿದ್ದು ಭಾರೀ ಸ್ಫೋಟವಾಯಿತು. ಎರಡು ದಿನದ ಮೇಲೆ ಕೋಟೆ ಬಿತ್ತು.

  

ಹಿತ್ತಾಳೆ ಬಂತು, ಡಬ್ಬಿ ಬಂತು

ಹತ್ತೊಂಬತ್ತನೇ ಶತಮಾನದಲ್ಲಿ ಎರಡು ಸಂಗತಿಗಳು ಕೋವಿಯ ಹಣೆಬರಹ ಬದಲಿಸಿದವು. ಮೊದಲನೆಯದು ಚಕಮಕಿಯ ಜಾಗಕ್ಕೆ ಬಂದ ಕೇಪು. ಮಲೆನಾಡಿನಲ್ಲೂ ನಮ್ಮ ಕಡೆಯ ಹೊಲದ ಮನೆಗಳಲ್ಲೂ ಗೋಡೆಗೆ ಒರಗಿರುತ್ತಿದ್ದ ಕೇಪಿನ ಕೋವಿ ಅದರದೇ ಸಂತಾನ. ಎರಡನೆಯದು ಹಿತ್ತಾಳೆ ತೋಟಾ. ಮದ್ದು, ಗುಂಡು, ಕೇಪು ಮೂರನ್ನೂ ಒಂದೇ ಹಿತ್ತಾಳೆ ಕೊಳವೆಯೊಳಗೆ ಅಡಕ ಮಾಡಿದ್ದು ದೊಡ್ಡ ಜಿಗಿತ. ಹಿತ್ತಾಳೆಯ ಗುಣ ನಾಗಮಂಗಲದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ತಲೆತಲಾಂತರದಿಂದ ಅದರಲ್ಲಿ ವಿಗ್ರಹ, ಗಂಟೆ, ದೀಪ ಮಾಡಿದ ಊರು. ತೋಟಾಕ್ಕೆ ಒದಗಿ ಬಂದದ್ದು ಆ ಲೋಹದ ಹಿಗ್ಗಿ ಕುಗ್ಗುವ ಗುಣ. ಗುಂಡು ಹಾರುವ ಕ್ಷಣದಲ್ಲಿ ತೋಟಾ ಉಬ್ಬಿ ನಳಿಗೆಯ ಗೋಡೆಗೆ ಅಂಟಿ ಹೊಗೆ ಹಿಂದಕ್ಕೆ ಬರದಂತೆ ತಡೆಯುತ್ತದೆ, ಮರುಕ್ಷಣ ತುಸು ಕುಗ್ಗಿ ಸಲೀಸಾಗಿ ಹೊರಗೆ ಬರುತ್ತದೆ.

ತೋಟಾ ಸಿದ್ಧವಾದ ಮೇಲೆ ಅವನ್ನು ಕೈಯಿಂದ ಒಂದೊಂದಾಗಿ ತುಂಬುವುದೇಕೆ? ಜೇಮ್ಸ್ ಪ್ಯಾರಿಸ್ ಲೀ ಎಂಬಾತ 1879ರಲ್ಲಿ ಪೇಟೆಂಟ್ ಪಡೆದ ಪೆಟ್ಟಿಗೆ ಬಹಳ ಸರಳ. ತಗಡಿನ ಡಬ್ಬಿ, ಒಳಗೆ ಸ್ಪ್ರಿಂಗ್, ಸ್ಪ್ರಿಂಗಿನ ಮೇಲೆ ಒಂದು ತಟ್ಟೆ, ತಟ್ಟೆಯ ಮೇಲೆ ತೋಟಾಗಳ ಸಾಲು. ಮೇಲಿನ ತೋಟಾ ಹೊರಗೆ ಚಿಮ್ಮದಂತೆ ಡಬ್ಬಿಯ ಬಾಯಿಯ ಎರಡೂ ಅಂಚು ಒಳಕ್ಕೆ ಮಡಿಸಿರುತ್ತವೆ. ಬೋಲ್ಟ್ ಮುಂದಕ್ಕೆ ಬರುವಾಗ ಮೇಲಿನ ತೋಟಾವನ್ನು ಅಂಚಿನಡಿಯಿಂದ ಜಾರಿಸಿ ನಳಿಗೆಯ ಗೂಡಿಗೆ ತಳ್ಳುತ್ತದೆ. ಆ ಕೂಡಲೇ ಕೆಳಗಿನದು ಮೇಲೇರುತ್ತದೆ. ಇವತ್ತಿನ ಬಹುಪಾಲು ರೈಫಲ್, ಪಿಸ್ತೂಲುಗಳ ಮ್ಯಾಗಜೀನ್ ಮೂಲತಃ ಇದೇ.

ಲೀಯ ಹೆಸರು ಹೊತ್ತ ಲೀ-ಎನ್‌ಫೀಲ್ಡ್ ನಮ್ಮವರಿಗೆ ಬೇರೆ ಹೆಸರಿನಲ್ಲಿ ಗೊತ್ತು. ಅದೇ ತ್ರೀನಾಟ್‌ತ್ರೀ. ದಶಕಗಳ ಕಾಲ ಠಾಣೆಯ ಸೆಂಟ್ರಿಯ ಹೆಗಲ ಮೇಲಿದ್ದದ್ದು ಅದೇ. ಹತ್ತು ತೋಟಾ ಹಿಡಿಸುವ ಅದರ ಮ್ಯಾಗಜೀನ್ ತುಂಬುವವರಿಗೆ ಮೊದಲ ದಿನವೇ ಒಂದು ಎಚ್ಚರಿಕೆ ಸಿಗುತ್ತಿತ್ತು. ತ್ರೀನಾಟ್‌ತ್ರೀ ತೋಟಾದ ಬುಡಕ್ಕೆ ಹೊರಚಾಚಿದ ಅಂಚಿದೆ. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಕೂತರೆ ಬೋಲ್ಟ್ ತಳ್ಳಿದಾಗ ಒಂದರಂಚು ಇನ್ನೊಂದಕ್ಕೆ ಸಿಕ್ಕಿ ಎರಡೂ ಕದಲುವುದಿಲ್ಲ.

ಸ್ಪರ್ಧೆಗಳಲ್ಲಿ ಬಳಕೆಯಾಗುವ ಪಾಯಿಂಟ್ ಟೂ ಟೂ ತೋಟಾಕ್ಕೂ ಇದೇ ಜಾತಿಯ ಅಂಚಿದೆ. ಮೇಲಾಗಿ ಅದರ ಗುಂಡು ಬರಿಯ ಮೆತ್ತನೆ ಸೀಸ, ಮೈಗೆ ಮೇಣ ಬೇರೆ. ಎಲ್ಲಿಗಾದರೂ ತಗುಲಿದರೆ ಮೂತಿ ಜಜ್ಜುತ್ತದೆ, ಮೇಣಕ್ಕೆ ಮಸಿ ಮೆತ್ತಿಕೊಳ್ಳುತ್ತದೆ. ಅಗ್ಗದ, ಪುಟ್ಟ, ಕಲಿಯುವವರ ತೋಟಾ ಎಂದು ಎಲ್ಲರೂ ಹಗುರವಾಗಿ ಕಾಣುವ ಇದೇ ಮ್ಯಾಗಜೀನಿಗೆ ಅತಿ ಹೆಚ್ಚು ಕಾಟ ಕೊಡುವುದು.

ದೊಡ್ಡವರೂ ಎಡವಿದ್ದಾರೆ

ಸೈನ್ಯಗಳೇ ಈ ಡಬ್ಬಿಯನ್ನು ಕಡೆಗಣಿಸಿ ಪೆಟ್ಟು ತಿಂದಿವೆ. ಮೊದಲ ಮಹಾಯುದ್ಧದಲ್ಲಿ ಫ್ರೆಂಚರ ಶೋಷಾ ಎಂಬ ಲಘು ಮೆಷಿನ್‌ಗನ್ನಿನ ಮ್ಯಾಗಜೀನು ಅರ್ಧಚಂದ್ರಾಕಾರದ್ದು. ಒಳಗೆಷ್ಟು ಗುಂಡು ಉಳಿದಿವೆಯೆಂದು ಕಾಣಲಿ ಎಂದು ಪಕ್ಕದ ಗೋಡೆಯನ್ನೇ ಕತ್ತರಿಸಿ ತೆರೆದಿಟ್ಟಿದ್ದರು. ಕಂದಕದ ಕೆಸರೆಲ್ಲ ಅದರೊಳಗೆ ಹೋಯಿತು. ಕೋವಿಗೇ ಕೆಟ್ಟ ಹೆಸರು ಬಂತು. ನಮ್ಮ ಇನ್‌ಸಾಸ್ ರೈಫಲಿನ ಪಾರದರ್ಶಕ ಪ್ಲಾಸ್ಟಿಕ್ ಮ್ಯಾಗಜೀನು 1999ರ ಕಾರ್ಗಿಲ್ ಚಳಿಯಲ್ಲಿ ಬಿರುಕು ಬಿಟ್ಟಿತೆಂಬ ದೂರುಗಳು ಬಂದವು. ಅಮೆರಿಕದ ಎಂ-16 ರೈಫಲಿನ ಕಥೆ ಇನ್ನೊಂದು ಬಗೆಯದು. ಒಂದು ಕಡೆ ಸಪೂರವಾಗುವ ತೋಟಾಗಳನ್ನು ಪೇರಿಸುತ್ತ ಹೋದರೆ ಆ ಸಾಲು ಬಾಳೆಚಿಪ್ಪಿನ ಹಾಗೆ ಬಾಗುತ್ತದೆ. ಆದರೆ ಆ ರೈಫಲಿನ ಮ್ಯಾಗಜೀನ್ ಕೂರುವ ಗೂಡು ನೆಟ್ಟಗಿದೆ. ಹಾಗಾಗಿ ಮೂವತ್ತು ಗುಂಡಿನ ಮ್ಯಾಗಜೀನು ಮೇಲೆ ನೆಟ್ಟಗಿದ್ದು ಕೆಳಗೆ ಬಾಗಬೇಕಾಯಿತು. ಆ ತಿರುವಿನಲ್ಲಿ ತಟ್ಟೆ ವಾಲುತ್ತಿತ್ತು. ವಾಲದ ತಟ್ಟೆಗಾಗಿ ದಶಕಗಳ ತಿದ್ದುಪಡಿ ನಡೆದು, 2009ರಲ್ಲಿ ಕೂಡ ಹೊಸ ತಟ್ಟೆ, ಹೊಸ ಸ್ಪ್ರಿಂಗ್ ಬಂತು.

ಇಷ್ಟೆಲ್ಲ ಹಣ, ಎಂಜಿನಿಯರುಗಳು ಇದ್ದವರಿಗೇ ಹೀಗಾದರೆ, ಕೈಗೆ ಸಿಕ್ಕ ಮ್ಯಾಗಜೀನನ್ನು ನಂಬಿ ಸ್ಪರ್ಧೆಗೆ ಹೊರಡುವ ಕ್ರೀಡಾಪಟುವಿನ ಧೈರ್ಯವನ್ನು ಮೆಚ್ಚಬೇಕೋ ಮರುಗಬೇಕೋ ತಿಳಿಯದು.

ಯಾವ ಸ್ಪರ್ಧೆಗೆ ಬೇಕು?

ಇಲ್ಲೊಂದು ಅಚ್ಚರಿ ಇದೆ. ಒಲಿಂಪಿಕ್ಸಿನ ರೈಫಲ್ ಸ್ಪರ್ಧೆಗಳಲ್ಲಿ ಮ್ಯಾಗಜೀನಿಗೆ ಕೆಲಸವೇ ಇಲ್ಲ. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಇರಲಿ, 2024ರಲ್ಲಿ ಸ್ವಪ್ನಿಲ್ ಕುಸಾಲೆ ಕಂಚು ಗೆದ್ದ 50 ಮೀಟರ್ ಮೂರು ಭಂಗಿಗಳ ಸ್ಪರ್ಧೆ ಇರಲಿ, ಪ್ರತಿ ಗುಂಡನ್ನೂ ಕೈಯಿಂದಲೇ ತುಂಬಬೇಕು. ಅದು ನಿಯಮ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ 50 ಮೀಟರ್ ಪಿಸ್ತೂಲಿನಲ್ಲೂ ಹಾಗೇ. ಅಲ್ಲಿ ಬೇಕಾದದ್ದು ನಿಧಾನ.

ಮ್ಯಾಗಜೀನ್ ಬೆಲೆ ತಿಳಿಯುವುದು 25 ಮೀಟರ್ ಪಿಸ್ತೂಲ್ ಸ್ಪರ್ಧೆಗಳಲ್ಲಿ, ಸೈನ್ಯ ಮತ್ತು ಪೊಲೀಸ್ ಪಡೆಗಳ ರೈಫಲ್ ಸ್ಪರ್ಧೆಗಳಲ್ಲಿ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಜಯ್ ಕುಮಾರ್ ಬೆಳ್ಳಿ ತಂದ ರ‍್ಯಾಪಿಡ್ ಫೈರ್ ಪಿಸ್ತೂಲನ್ನೇ ನೋಡಿ. ಎದುರಿಗೆ ಸಾಲಾಗಿ ಐದು ಗುರಿ. ತೋಳು ಕೆಳಕ್ಕೆ ಇಳಿಬಿಟ್ಟು ನಿಲ್ಲಬೇಕು. ಸಂಕೇತ ಬಂದೊಡನೆ ಎತ್ತಿ, ಒಂದೊಂದು ಗುರಿಗೆ ಒಂದೊಂದರಂತೆ ಐದು ಗುಂಡು. ಮೊದಲು 8 ಸೆಕೆಂಡಿನಲ್ಲಿ, ಆಮೇಲೆ 6ರಲ್ಲಿ, ಕೊನೆಗೆ 4 ಸೆಕೆಂಡಿನಲ್ಲಿ. ಬಳಸುವುದು ಅದೇ ಪಾಯಿಂಟ್ ಟೂ ಟೂ ತೋಟಾ, ಮ್ಯಾಗಜೀನಿನಲ್ಲಿ ಐದೇ ಐದು.

ನಾಲ್ಕು ಸೆಕೆಂಡಿನ ಆ ಸುತ್ತಿನಲ್ಲಿ ಮೂರನೇ ತೋಟಾ ಮೂತಿ ಎತ್ತಿ ನಿಂತರೆ? ನಿಯಮಪುಸ್ತಕ ಇದಕ್ಕೆ ಎರಡು ದಾರಿ ಇಟ್ಟಿದೆ. ತೋಟಾ ಅಥವಾ ಮ್ಯಾಗಜೀನ್ ಸಿಕ್ಕಿಕೊಂಡದ್ದು, ಖಾಲಿ ತೋಟಾ ಹೊರಬಾರದ್ದು, ಹೊಡೆದರೂ ಗುಂಡು ಹಾರದ್ದು ಇವೆಲ್ಲ ಮನ್ನಿಸಬಹುದಾದ ದೋಷ. ಆದರೆ ಮ್ಯಾಗಜೀನನ್ನು ಸರಿಯಾಗಿ ಸಿಕ್ಕಿಸದೆ ಅದು ಕಳಚಿ ಬಿದ್ದರೆ, ಐದರ ಬದಲು ನಾಲ್ಕೇ ತುಂಬಿದ್ದರೆ, ಸೇಫ್ಟಿ ತೆಗೆಯಲು ಮರೆತಿದ್ದರೆ ತಪ್ಪು ಸ್ಪರ್ಧಿಯದೇ. ಹಾರದೆ ಉಳಿದ ಗುಂಡುಗಳೆಲ್ಲ ಸೊನ್ನೆ. ಒಂದೆರಡು ಅಂಕಗಳಲ್ಲಿ ಗೆಲುವು ನಿರ್ಧಾರವಾಗುವ ಆಟದಲ್ಲಿ ಒಂದು ಸೊನ್ನೆ ಬಿದ್ದರೆ ಆ ದಿನಕ್ಕೆ ಮನೆಗೆ ಹೋದಂತೆಯೇ.

ಮನ್ನಣೆ ಸಿಕ್ಕಿದರೂ ಪೂರ್ತಿ ಬಚಾವಾಗುವುದಿಲ್ಲ. ಉಪಕರಣ ಕೈಕೊಟ್ಟಾಗ ಕಳೆದುಹೋಗುವುದು ಸಮಯ ಮಾತ್ರ ಅಲ್ಲ, ಲಯ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಅವರ ಏರ್ ಪಿಸ್ತೂಲು ಅರ್ಹತಾ ಸುತ್ತಿನ ನಡುವೆ ಕೆಟ್ಟು, ರಿಪೇರಿ ಮಾಡಿಸಿಕೊಂಡು ಬರುವಷ್ಟರಲ್ಲಿ ಅಮೂಲ್ಯ ನಿಮಿಷಗಳು ಹೋದವು, ಫೈನಲ್ ತಪ್ಪಿತು. ಅದು ಮ್ಯಾಗಜೀನಿನ ತಪ್ಪಾಗಿರಲಿಲ್ಲ ನಿಜ, ಆದರೆ ಯಂತ್ರದ ಒಂದು ಸಣ್ಣ ಭಾಗ ಐದು ವರ್ಷದ ತಾಲೀಮನ್ನು ಹೇಗೆ ನುಂಗುತ್ತದೆ ಎಂದು ಇಡೀ ದೇಶ ಟಿವಿಯಲ್ಲಿ ನೋಡಿತು.

ಮೊದಲು ಕಾನೂನು

ಮ್ಯಾಗಜೀನ್ ಆರಿಸುವ ಮೊದಲು ತಿಳಿದಿರಬೇಕಾದದ್ದು, ಅದು ಪೇಟೆಯಲ್ಲಿ ಕೊಂಡು ಚೀಲಕ್ಕೆ ಹಾಕಿಕೊಳ್ಳುವ ಸಾಮಾನಲ್ಲ. 1959ರ ಶಸ್ತ್ರ ಕಾಯ್ದೆಯ ಲೆಕ್ಕದಲ್ಲಿ ಕೋವಿಯ ಭಾಗಗಳೂ ಶಸ್ತ್ರವೇ. ಪರವಾನಗಿ ಇರುವ ವ್ಯಾಪಾರಿಯಿಂದ, ಪರವಾನಗಿ ಇರುವವರು ಮಾತ್ರ ಕೊಳ್ಳಬೇಕು. ಆನ್‌ಲೈನಿನಲ್ಲಿ ಕಂಡಿತೆಂದು ತರಿಸಿಕೊಂಡರೆ ಮುಂದಿನ ಮಾತುಕತೆ ಠಾಣೆಯಲ್ಲಿ.

ನಮ್ಮ ಮಂಡ್ಯದ ಕಡೆ ಪರವಾನಗಿ ಕೋವಿ ಎಂದರೆ ಹೆಚ್ಚಾಗಿ ಬೆಳೆ ರಕ್ಷಣೆಯದು. ಕಬ್ಬಿಗೆ, ಜೋಳಕ್ಕೆ ನುಗ್ಗುವ ಹಂದಿ ಹೆದರಿಸಲು ಒಂಟಿ ನಳಿಗೆಯದೋ ಕೇಪಿನದೋ ಒಂದು. ಬೆಳೆ ರಕ್ಷಣೆಗೆಂದೇ ಬಾಯಿಂದ ತುಂಬುವ ಕೋವಿಗೆ ಪರವಾನಗಿ ಕೊಡಬೇಕೆಂದು ಕಾಯ್ದೆಯಲ್ಲೇ ಇದೆ. ಅದಕ್ಕೂ ಈ ಲೇಖನದ ಡಬ್ಬಿಗೂ ಸಂಬಂಧವಿಲ್ಲ. ಕೊಡಗಿನ ಮಾತು ಬೇರೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ, ಸೆಪ್ಟೆಂಬರ್‌ನ ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುವುದು ಊರ ಹಬ್ಬ. ಮಂಡ್ಯದ ಹುಡುಗ ಅದನ್ನು ನೋಡಿ ಬಂದು ತಾನೂ ಹೊಡೆಯುತ್ತೇನೆಂದರೆ ಆಗುವುದಿಲ್ಲ.

ಆದರೆ ದಾರಿ ಮುಚ್ಚಿಲ್ಲ. 20 ಜೂಲ್‌ಗಿಂತ ಕಡಿಮೆ ಶಕ್ತಿಯ, 4.5 ಮಿಲಿಮೀಟರ್ ಗುಂಡಿನ ಏರ್ ರೈಫಲಿಗೆ ಪರವಾನಗಿ ಬೇಕಿಲ್ಲ. ಕಲಿಯುವವರು ಅಲ್ಲಿಂದಲೇ ಶುರು ಮಾಡುತ್ತಾರೆ, ಒಂದೊಂದೇ ಗುಂಡು ತುಂಬಿಕೊಂಡು. ಸಿಡಿಮದ್ದಿನ ಕೋವಿಗೆ ಸ್ವಂತ ಪರವಾನಗಿ ಬೇಕೆಂದರೆ 21 ವರ್ಷ ತುಂಬಿರಬೇಕು. ಅದಕ್ಕೆ ಮುಂಚೆ ಕ್ಲಬ್ಬಿನಲ್ಲಿ, ತರಬೇತುದಾರರ ಕಣ್ಣೆದುರು ಮಾತ್ರ. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿದರೂ ಕ್ರೀಡಾಪಟುಗಳಿಗೆ ಬೇರೆ ಲೆಕ್ಕ ಇಟ್ಟಿದೆ.

ಆರಿಸುವುದು, ಪರೀಕ್ಷಿಸುವುದು

ಕೋವಿ ಮಾಡಿದ ಕಂಪನಿಯೇ ಆ ಮಾದರಿಗೆಂದು ಮಾಡಿದ ಮ್ಯಾಗಜೀನನ್ನೇ ಕೊಳ್ಳಿ ಎಂಬುದು ಅನುಭವಿಗಳ ಮೊದಲ ಮಾತು. ಜರ್ಮನಿಯದೋ ಇಟಲಿಯದೋ ಸ್ಪರ್ಧಾ ಪಿಸ್ತೂಲಿಗೆ ಅದೇ ಕಂಪನಿಯ ಹೆಚ್ಚುವರಿ ಮ್ಯಾಗಜೀನು ಬಹಳ ದುಬಾರಿ. ನಕಲಿಯದು ನೋಡಲು ಒಂದೇ ತರಹ, ಬೆಲೆ ಕಡಿಮೆ. ಆದರೆ ಬಾಯಿಯ ಅಂಚು ಕೂದಲೆಳೆಯಷ್ಟು ಹೆಚ್ಚು ತೆರೆದಿದ್ದರೂ ತೋಟಾ ಬೇಗ ಬಿಡುಗಡೆಯಾಗಿ ಮೂತಿ ಎತ್ತುತ್ತದೆ, ಹೆಚ್ಚು ಮುಚ್ಚಿದ್ದರೆ ತಡವಾಗಿ ಬಿಡುಗಡೆಯಾಗಿ ಕೆಳಕ್ಕೆ ಮೂತಿ ಹಾಕುತ್ತದೆ. ಮ್ಯಾಗಜೀನಿನ ಮರ್ಮಸ್ಥಾನ ಆ ಅಂಚೇ. ಕಾಂಕ್ರೀಟ್ ನೆಲದ ಮೇಲೆ ಬಾಯಿ ಕೆಳಗಾಗಿ ಒಮ್ಮೆ ಬಿದ್ದ ಮ್ಯಾಗಜೀನನ್ನು ಮತ್ತೆ ಪರೀಕ್ಷೆ ಮಾಡದೆ ನಂಬಬಾರದು.

ಬಾಗಿದ ಅಂಚನ್ನು ಇಕ್ಕಳದಲ್ಲಿ ನೆಟ್ಟಗೆ ಮಾಡುವ, ಅರದಿಂದ ಉಜ್ಜುವ ಉಮೇದು ಎಲ್ಲರಿಗೂ ಬರುತ್ತದೆ. ನಮ್ಮ ಕಡೆಯಂತೂ ಪಂಪ್‌ಸೆಟ್ಟಿನಿಂದ ಟಿಲ್ಲರಿನವರೆಗೆ ಎಲ್ಲವನ್ನೂ ತಂತಿ ಸುತ್ತಿ ಓಡಿಸುವ ಕೈಗಳಿವೆ. ಇಲ್ಲಿ ಮಾತ್ರ ಆ ಕೈಗಳನ್ನು ಜೇಬಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಆಮೇಲೆ ಸ್ಪ್ರಿಂಗ್. ಗುಂಡು ತುಂಬಿಟ್ಟರೆ ಸ್ಪ್ರಿಂಗ್ ಸತ್ತುಹೋಗುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಒಳ್ಳೆಯ ಉಕ್ಕಿನ ಸ್ಪ್ರಿಂಗನ್ನು ಸವೆಸುವುದು ಅದುಮಿಟ್ಟ ಸ್ಥಿತಿಗಿಂತ ಹೆಚ್ಚಾಗಿ ಸಾವಿರಾರು ಸಲ ಅದುಮಿ ಬಿಡುವ ಕೆಲಸ, ಮತ್ತು ಮಿತಿ ಮೀರಿ ತುಂಬುವ ಚಪಲ. ಸ್ವಯಂಚಾಲಿತ ಪಿಸ್ತೂಲಿನಲ್ಲಿ ಬೋಲ್ಟ್ ಹಿಂದೆ ಹೋಗಿ ಮುಂದೆ ಬರುವುದು ಕಣ್ಣು ರೆಪ್ಪೆ ಬಡಿಯುವುದರೊಳಗೆ. ಅಷ್ಟರಲ್ಲಿ ಸ್ಪ್ರಿಂಗ್ ಮುಂದಿನ ತೋಟಾವನ್ನು ಮೇಲಕ್ಕೆ ತಂದಿರಬೇಕು. ದಣಿದ ಸ್ಪ್ರಿಂಗ್ ತಡಮಾಡಿದರೆ ಬೋಲ್ಟ್ ತೋಟಾದ ತಲೆಯ ಮೇಲೆ ಹಾದುಹೋಗಿ ಬರಿಗೂಡಿಗೆ ಮುಚ್ಚಿಕೊಳ್ಳುತ್ತದೆ. ಕೈಯಿಂದ ಬೋಲ್ಟ್ ಎಳೆಯುವ ರೈಫಲಿನಲ್ಲಿ ಇಷ್ಟು ಆತುರವಿಲ್ಲವಾದ್ದರಿಂದ ಅದೇ ಸ್ಪ್ರಿಂಗ್ ಅಲ್ಲಿ ಇನ್ನೂ ಕೆಲವು ವರ್ಷ ಮಾನವಾಗಿ ಬದುಕಬಹುದು.

ಪರೀಕ್ಷೆಯ ಗುಟ್ಟು ಮೊದಲ ಗುಂಡಿನಲ್ಲೂ ಕೊನೆಯ ಗುಂಡಿನಲ್ಲೂ ಇದೆ. ತುಂಬಿದಾಗ ಸ್ಪ್ರಿಂಗ್ ಅತಿ ಬಿಗಿ, ಮೊದಲ ತೋಟಾ ಅಂಚಿಗೆ ಒತ್ತಿಕೊಂಡಿರುತ್ತದೆ. ಕೊನೆಯದಕ್ಕೆ ಬರುವಷ್ಟರಲ್ಲಿ ಸ್ಪ್ರಿಂಗ್ ಚಾಚಿ ಸಡಿಲವಾಗಿರುತ್ತದೆ. ನಡುವಿನವು ಹೇಗೋ ಹೋಗುತ್ತವೆ. ಕೋವಿಯನ್ನು ಗುರಿಯ ದಿಕ್ಕಿಗೇ ಹಿಡಿದು ಮೊದಲು ಮದ್ದಿಲ್ಲದ ಡಮ್ಮಿ ತೋಟಾ, ಆಮೇಲೆ ಸ್ಪರ್ಧೆಯಲ್ಲಿ ಬಳಸುವ ಅದೇ ಕಂಪನಿಯ ತೋಟಾ. ಅಭ್ಯಾಸಕ್ಕೆ ಅಗ್ಗದ್ದು, ಸ್ಪರ್ಧೆಗೆ ದುಬಾರಿಯದು ಎಂದು ಎರಡು ಬಗೆ ಇಟ್ಟುಕೊಂಡವರು, ಅಗ್ಗದ್ದರಲ್ಲಿ ಪಾಸಾದ ಮ್ಯಾಗಜೀನು ದುಬಾರಿಯದರಲ್ಲಿ ಮುನಿಸಿಕೊಂಡದ್ದನ್ನು ಸ್ಪರ್ಧೆಯ ದಿನವೇ ಕಾಣುತ್ತಾರೆ.

ಪ್ರತಿ ಮ್ಯಾಗಜೀನಿಗೂ ಬುಡದಲ್ಲಿ ಬಣ್ಣದಿಂದ ಒಂದು ಸಂಖ್ಯೆ ಬರೆಯಿರಿ, ನೂರು ಪುಟದ ನೋಟುಪುಸ್ತಕ ಒಂದಿರಲಿ. ಎಡವಿದ್ದು ಯಾವ ಸಂಖ್ಯೆ, ಎಷ್ಟನೇ ಗುಂಡು, ಮೂತಿ ಮೇಲೋ ಕೆಳಗೋ. ಇಷ್ಟು ಬರೆದರೆ ಸಾಕು, ಕಳ್ಳ ತಾನೇ ಸಿಗುತ್ತಾನೆ. ಎರಡನೇ ನಂಬರಿನದು ಮಾತ್ರ ಪದೇ ಪದೇ ತಂಟೆ ಮಾಡಿದರೆ ತಪ್ಪು ಮ್ಯಾಗಜೀನಿನದು. ಎಲ್ಲವೂ ಒಂದೇ ತರಹ ತಂಟೆ ಮಾಡಿದರೆ ಕೋವಿಯನ್ನೋ ತೋಟಾವನ್ನೋ ಅನುಮಾನಿಸಬೇಕು. ಸಂಖ್ಯೆ ಇಲ್ಲದ ಮೂರು ಒಂದೇ ತರಹದ ಮ್ಯಾಗಜೀನುಗಳನ್ನು ಚೀಲದಲ್ಲಿ ಬೆರೆಸಿಟ್ಟುಕೊಂಡವರು ಕೋವಿಯನ್ನು ರಿಪೇರಿಗೆ ಕೊಟ್ಟು ದುಡ್ಡು ಕಳೆದುಕೊಳ್ಳುತ್ತಾರೆ.

ಶುಚಿ ಮಾಡುವಾಗ ಎಣ್ಣೆಯ ಮೇಲಿನ ಪ್ರೀತಿ ಬಿಡಬೇಕು. ಮ್ಯಾಗಜೀನಿನೊಳಗೆ ಎಣ್ಣೆ ಬಿಟ್ಟರೆ ದೂಳು, ಮಸಿ, ಮೇಣ ಎಲ್ಲ ಸೇರಿ ಅಂಟಾಗುತ್ತದೆ, ತೋಟಾದ ಬುಡಕ್ಕೆ ಎಣ್ಣೆ ಇಳಿದರೆ ಅದು ಹೊತ್ತದೆಯೂ ಇರಬಹುದು. ಬಿಚ್ಚಿ, ಒಣ ಬಟ್ಟೆಯಿಂದ ಒರೆಸಿ, ಸ್ಪ್ರಿಂಗಿನ ಯಾವ ತುದಿ ಮೇಲಿತ್ತೆಂದು ನೋಡಿಕೊಂಡು ಹಾಗೇ ಜೋಡಿಸಿದರಾಯಿತು. ಸ್ಪ್ರಿಂಗನ್ನು ತಿರುವುಮುರುವು ಹಾಕುವುದು ಹೊಸಬರು ಮಾಡುವ ಮಾಮೂಲಿ ಎಡವಟ್ಟು. ನಾಲೆ ಬಯಲಿನ ಮಳೆಗಾಲದಲ್ಲಿ ತೋಟಾಗಳನ್ನು ಮುಚ್ಚಳ ಬಿಗಿಯಿರುವ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಪೊಟ್ಟಣದ ಜತೆ ಇಡಬೇಕು.

ಇನ್ನು ತೀರಾ ಕೈಕೊಟ್ಟ ಮ್ಯಾಗಜೀನಿನ ಗತಿ? ಶಸ್ತ್ರದ ಭಾಗವಾದ್ದರಿಂದ ಗುಜರಿಗೆ ಹಾಕುವ ಹಾಗಿಲ್ಲ. ಅಷ್ಟರ ಮೇಲೆ ಅದಕ್ಕೂ ಒಂದು ಕೆಲಸವಿದೆ. ಪಿಸ್ತೂಲು ನಡುವೆ ನಿಂತಾಗ ಯಾರ ಕೈಯಾದರೂ ತಾನಾಗಿಯೇ ಸ್ಲೈಡ್ ಎಳೆಯಲು ಹೋಗುತ್ತದೆ. ರ‍್ಯಾಪಿಡ್ ಫೈರಿನಲ್ಲಿ ರೇಂಜ್ ಅಧಿಕಾರಿ ಬಂದು ನೋಡುವ ಮೊದಲು ಹಾಗೆ ಮುಟ್ಟಿದರೆ ಮನ್ನಿಸಬಹುದಾಗಿದ್ದ ದೋಷವೂ ಮನ್ನಣೆ ಕಳೆದುಕೊಳ್ಳುತ್ತದೆ. ಅದಕ್ಕೇ ಬುಡಕ್ಕೆ ಕೆಂಪು ಬಣ್ಣ ಬಳಿದ ಆ ಕೆಟ್ಟ ಮ್ಯಾಗಜೀನನ್ನು ತಿಂಗಳಿಗೊಮ್ಮೆ ಅಭ್ಯಾಸದಲ್ಲಿ ಬೇಕೆಂದೇ ಸಿಕ್ಕಿಸಿಕೊಳ್ಳಬೇಕು. ಅದು ನಿಂತಾಗ ಕೋವಿಯನ್ನು ಗುರಿಯ ಕಡೆಗೇ ಹಿಡಿದು, ಏನನ್ನೂ ಮುಟ್ಟದೆ, ಇನ್ನೊಂದು ಕೈ ಎತ್ತಿ ಅಧಿಕಾರಿಗೆ ಕಾಯುವುದು ರೂಢಿಯಾಗುವವರೆಗೆ.